ಹಳ್ಳದ ದಂಡೆಯಲ್ಲಿ ಕಲ್ಲಿನ ಮೂಳೆ ಇಣುಕುವುದೇಕೆ

ಲೋಕ ಆಗಷ್ಟೇ ಹುಟ್ಟಿದ್ದ ಕಾಲ, ಮಗಾ. ನೆಲ ಇನ್ನೂ ಹಸಿಯಾಗಿತ್ತು. ಬೆಟ್ಟಗಳಿಗೆ ಹೆಸರಿರಲಿಲ್ಲ. ಮರಕ್ಕಿಂತ ಎತ್ತರದ ಪ್ರಾಣಿಗಳು ಓಡಾಡುತ್ತಿದ್ದವು. ಈಗ ನಾವು ಅವನ್ನು ಡೈನೋಸಾರ್ ಅನ್ನುತ್ತೇವೆ.

ಅವುಗಳಲ್ಲಿ ಉದ್ದ ಕತ್ತಿನ ಒಂದು ತಾಯಿ ಇತ್ತು. ಅದಕ್ಕೊಂದು ಮರಿ. ಒಂದು ದಿನ ನೀರು ಕುಡಿಯಲು ಹೋದ ಮರಿಯ ಕಾಲು ಹಳ್ಳದ ಕೆಸರಿನಲ್ಲಿ ಹೂತುಹೋಯಿತು.

"ಬಿಡು ಕೆಸರೇ, ಅದಿನ್ನೂ ಚಿಕ್ಕದು," ಎಂದಿತು ತಾಯಿ.

"ಹಿಡಿಯೋದು ಗೊತ್ತು. ಬಿಡೋದು ನನಗೆ ಗೊತ್ತಿಲ್ಲವಲ್ಲ, ತಾಯಿ," ಎಂದಿತು ಕೆಸರು. ಅದಕ್ಕೂ ಅಳು ಬಂದಿತ್ತು.

ಅಷ್ಟರಲ್ಲಿ ಹಳ್ಳ ದೂರದಿಂದ ಕೂಗಿತು: "ಮೇಲೆ ಮಳೆ ಹೊಯ್ದಿದೆ. ಉಕ್ಕಿ ಬರ್ತಿದ್ದೀನಿ, ನಿಲ್ಲೋಕೆ ಆಗ್ತಿಲ್ಲ. ನೀನಾದರೂ ದಿನ್ನೆ ಹತ್ತು."

ತಾಯಿ ಹತ್ತಲಿಲ್ಲ. ಕೆಸರಿಗಿಳಿದು, ಮರಿಯ ಸುತ್ತ ಕತ್ತು ಬಳಸಿ ಮಲಗಿತು. "ನಾನಿಲ್ಲೇ ಇದ್ದೀನಿ," ಎಂದಿತು. ಮರಿಯ ನಡುಕ ನಿಂತಿತು. ಆಮೇಲೆ ನೀರು ಬಂತು.

ನೀರು ಇಳಿದ ಮೇಲೆ ಕೆಸರು ಹೇಳಿತು: "ಜೀವ ಉಳಿಸೋಕೆ ನನ್ನಿಂದ ಆಗಲಿಲ್ಲ. ಆದರೆ ಇವರನ್ನು ಬೇರೆ ಮಾಡೋಕೆ ಯಾರಿಗೂ ಬಿಡಲ್ಲ."

ಅದು ತಾಯಿ ಮರಿ ಇಬ್ಬರಿಗೂ ಮೆಲ್ಲಗೆ ಹೊದಿಕೆಯಾಯಿತು. ಮೂಳೆ ಸವೆದಲ್ಲೆಲ್ಲ ತನ್ನದೇ ಕಣ ತುಂಬಿತು. ಒಂದೊಂದೇ ಕಣ, ಒಂದೊಂದೇ ಕಣ. ಕೆಸರು ಕಲ್ಲಾಯಿತು. ಮೂಳೆಯೂ ಕಲ್ಲಾಯಿತು.

ಎಷ್ಟೋ ಕಾಲ ಕಳೆದು ಮನುಷ್ಯರು ಬಂದರು. ಬುಟ್ಟಿ ಹೆಣೆಯುವ ಗಿರಿಯವ್ವ, ಅವಳ ಗಂಡ ತೋಪಯ್ಯ ಒಲೆಗೆ ಕಲ್ಲು ಹುಡುಕುತ್ತ ಹಳ್ಳಕ್ಕೆ ಇಳಿದರು. ದಂಡೆಯಲ್ಲಿ ಉರುಟಾದ ಕಲ್ಲೊಂದು ಕಂಡಿತು. ತೋಪಯ್ಯ ಹಾರೆ ಎತ್ತಿದ.

"ತಡಿ," ಎಂದಳು ಗಿರಿಯವ್ವ. "ಇದು ಬೆನ್ನುಮೂಳೆ ಇದ್ದಂಗಿದೆ."

"ಕಲ್ಲು ಕಣೇ ಅದು. ಒಲೆಗೆ ಸರಿಹೋಗುತ್ತೆ."

"ಒಲೆಗೆ ಬೇರೆ ಸಿಗುತ್ತೆ, ಬಿಡು."

ಬಿದಿರಿನ ಸೀಳು ಹಿಡಿದು ಅವಳು ಸುತ್ತ ಪುಡಿಯಾಗಿದ್ದ ಮಣ್ಣು ಕೆರೆಯತೊಡಗಿದಳು. ಮೊದಲ ದಿನ ತೋಪಯ್ಯ ಗೊಣಗಿದ. ಎರಡನೆಯ ದಿನ ತಾನೂ ಒಂದು ಸೀಳು ತಂದ. ಮೂರನೆಯ ದಿನ ಉದ್ದನೆಯ ಕತ್ತು ಪೂರ್ತಿ ಕಂಡಿತು. ಅದರ ಬಳಸಿನೊಳಗೆ ಪುಟ್ಟ ಪುಟ್ಟ ಪಕ್ಕೆಲುಬುಗಳಿದ್ದವು.

ತೋಪಯ್ಯ ಕೈಲಿದ್ದ ಸೀಳು ಕೆಳಗಿಟ್ಟ. "ಮಗೂನ ತಬ್ಕೊಂಡಿದೆ ಕಣೇ," ಎಂದ.

ಗಿರಿಯವ್ವ ಸೆರಗಿನಿಂದ ಆ ಮೂಳೆಗಳ ಧೂಳು ಒರೆಸಿದಳು.

ಹಳ್ಳ ಇದನ್ನೆಲ್ಲ ನೋಡಿತು. "ಇಂಥವರಾದರೆ ಉಳಿದ ಮೂಳೆಗಳನ್ನೂ ತೋರಿಸಬಹುದು, ಅಲ್ಲವಾ?" ಎಂದು ಕೇಳಿತು.

"ತೋರಿಸು," ಎಂದಿತು ಕಲ್ಲಾದ ಕೆಸರು. "ಆದರೆ ಒಂದೇ ಸಲ ಬೇಡ. ಸ್ವಲ್ಪ ಸ್ವಲ್ಪ. ಕೂತು ಮೆಲ್ಲಗೆ ಕೆರೆಯುವವರಿಗೆ ಸಿಗಲಿ."

ಅದಕ್ಕೇ ಮಗಾ, ಇವತ್ತಿಗೂ ಮಳೆಗಾಲದಲ್ಲಿ ಹಳ್ಳ ತನ್ನ ದಂಡೆಯನ್ನು ಗೇಣಷ್ಟೇ ಕೊರೆಯುತ್ತದೆ. ಮಳೆ ಬಿಟ್ಟ ಮೇಲೆ ನಾವಿಬ್ಬರೂ ಮಣ್ಣು ಸರಿಸಲು ಬ್ರಷ್ ಹಿಡಿದು ಹೋದರೆ, ಕಲ್ಲಿನ ಮೂಳೆಯ ತುದಿಯಷ್ಟೇ ಇಣುಕಿ ನಮ್ಮನ್ನು ನೋಡುತ್ತಿರುತ್ತದೆ.