ಗೀಜಗನ ಜಾಹೀರಾತು

ಗೂಡು ಕಟ್ಟಿಕೊಡೋ ಗೀಜಗನಿಗೆ ಗಿರಾಕಿಗಳೇ ಇರಲಿಲ್ಲ. ಕಾಡಲ್ಲಿ ಯಾರು ಏನು ಹುಡುಕಿದ್ರೂ ವಿಳಾಸ ಹೇಳ್ತಿದ್ದದ್ದು ಆಲದ ಮರದ ಗಿಣಿ. ಗೀಜಗ ಅಲ್ಲಿಗೆ ಹೋಗಿ, "ಗಿಣಿಯಣ್ಣ, ಕೇಳಿದವರಿಗೆಲ್ಲ ಮೊದಲು ನನ್ನ ಹೆಸರೇ ಹೇಳ್ಬೇಕು" ಅಂದ.

"ಹಾಗಾದ್ರೆ ಎಲ್ಲರೂ ಜಾಸ್ತಿ ಹುಡುಕೋ ಪದಾನ ನಿನ್ನ ಹೆಸರಿನ ಜೊತೆ ಸೇರಿಸ್ಬೇಕಪ್ಪ. ಈ ವಾರ ಜಾಸ್ತಿ ಹುಡುಕಿದ್ದು ಮೊಟ್ಟೆ."

"ಮನೇಲಿ ಮೂರಿವೆ. ಸೇರಿಸಿಬಿಡಿ."

ಹುಡುಕಿದ್ದು ಯಾರು ಅಂತ ಗೀಜಗ ವಿಚಾರಿಸಲಿಲ್ಲ.

ಮಧ್ಯಾಹ್ನಕ್ಕೇ ಗೀಜಗನ ಗೂಡಿನ ಬಾಗಿಲಿಗೆ ಕೇರೆಹಾವು ಬಂತು.

"ಬನ್ನಿ ಸ್ವಾಮಿ, ಎಂಥ ಗೂಡು ಬೇಕಿತ್ತು?" ಅಂದ ಗೀಜಗ.

"ಗೂಡು ಬೇಡ" ಅಂತ ಹಾವು ತಲೆ ಒಳಗೆ ಹಾಕಿತು. ಮೂರನ್ನೂ ನುಂಗಿ ಹೊರಗೆ ಬಂದು, ಮರ್ಯಾದೆಯಿಂದಲೇ ಹೇಳಿತು: "ಬಹಳ ಚೆನ್ನಾಗಿತ್ತಪ್ಪ. ನಮ್ಮವರಿಗೆಲ್ಲ ನಿನ್ನ ಹೆಸರೇ ಹೇಳ್ತೀನಿ."