ಕೋಳಿ ಕಾವು ಕೂತ ಸೆಲ್ಲು

ಬನ್ನಿ ಮಕ್ಕಳೇ, ಹತ್ರ ಬನ್ನಿ. ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ.

ಒಂದು ಊರು. ಊರಿಗೊಂದು ಕೆರೆ. ಕೆರೆ ದಾರೀಲಿ ಒಂದು ಮನೆ. ಆ ಮನೇಲಿ ಚಂಪಿ ಅಂತ ಒಬ್ಬ ಹುಡುಗಿ.

ಚಂಪಿ ಕೈಯಲ್ಲಿ ಒಂದು ಪುಟ್ಟ ವಿಡಿಯೋ ಗೇಮು. ಅವಳದಲ್ಲ, ದೊಡ್ಡಮ್ಮನ ಮಗಳು, ಮನೆಗೆ ಬಂದಿದ್ದ ರೇವತಕ್ಕಂದು. ಗೇಮಿನೊಳಗೆ ಒಂದು ಕೆಂಪು ಕಾರು. ಅದರ ಹೆಸರು ತುತ್ತೂರಿ. ಕಾರ್ಟೂನ್ ಸಿನಿಮಾದ ತುತ್ತೂರಿ! ಸಿನಿಮಾದಲ್ಲಿ ಅದು ನಗುತ್ತೆ, ಅಳುತ್ತೆ, ಓಡುತ್ತೆ. ಗೇಮಿನಲ್ಲಿ ಅದನ್ನ ಓಡಿಸೋದು ಯಾರು? ಚಂಪಿ!

ಡುರ್ರ್ರ್! ತುತ್ತೂರಿ ಓಡಿತು. ಸೇತುವೆ ದಾಟಿತು. ಗುಡ್ಡ ಹತ್ತಿತು. ಮುಂದೆ ಒಂದೇ ಒಂದು ಕರಿ ಲಾರಿ. ಇನ್ನೊಂದೇ ಒಂದು ತಿರುವು. ಚಂಪಿ ಖುಷಿಗೆ ಎಗರಿದಳು.

ಗೇಮು ಕೈ ಜಾರಿತು. ಟಪ್! ಮುಚ್ಚಳ ಬಿಚ್ಚಿತು. ಒಳಗಿದ್ದ ಬ್ಯಾಟರಿ ಸೆಲ್ಲು ಹಾರಿತು. ಉರುಳಿತು, ಉರುಳಿತು, ಮೆಟ್ಟಿಲಿಳಿದು ಉರುಳಿತು. ಹೋಗಿ ಚುಕ್ಕೆ ಕೋಳಿ ಮುಂದೆ ನಿಂತಿತು.

ಕೋಳಿ ನೋಡಿತು. "ಅರೆ, ನನ್ನ ಮೊಟ್ಟೆ!" ಅಂತು. ಅದರ ಮೇಲೆ ಕಾವು ಕೂತೇಬಿಡ್ತು!

"ರೇವತಕ್ಕಾ, ಆಟ ಹೋಯ್ತಾ?" ಚಂಪಿ ಕಣ್ಣಲ್ಲಿ ನೀರು.

"ಇಲ್ಲ ಕಣೆ. ಬಿಟ್ಟ ಜಾಗದಲ್ಲೇ ನಿಂತಿರುತ್ತೆ. ಆದ್ರೆ ಸಂಜೆ ಬಸ್ಸಿಗೆ ನಾನು ಊರಿಗೆ ಹೋಗ್ಬೇಕು. ಬೇಗ ಸೆಲ್ಲು ತಾ!"

ಚಂಪಿ ಕೋಳಿ ಹತ್ರ ಓಡಿದಳು.

"ಕೋಳಿ ಕೋಳಿ, ಏಳು. ನೀನು ಎದ್ರೆ ಸೆಲ್ಲು ಸಿಗುತ್ತೆ. ಸೆಲ್ಲು ಸಿಕ್ರೆ ತುತ್ತೂರಿ ಓಡುತ್ತೆ!"

"ಏಳಲ್ಲ," ಅಂತು ಕೋಳಿ. "ಹೊಟ್ಟೆ ಹಸೀತಿದೆ. ಗಿರಣಿ ರಾಗಿ ತಾ, ಏಳ್ತೀನಿ."

ಚಂಪಿ ಹಿಟ್ಟಿನ ಗಿರಣಿಗೆ ಓಡಿದಳು. ಗಿರಣಿಯಲ್ಲಿ ಸಾವಿತ್ರಕ್ಕ.

"ಸಾವಿತ್ರಕ್ಕಾ ಸಾವಿತ್ರಕ್ಕಾ, ರಾಗಿ ಕೊಡಿ. ರಾಗಿ ಕೊಟ್ರೆ ಕೋಳಿ ಏಳುತ್ತೆ. ಕೋಳಿ ಎದ್ರೆ ಸೆಲ್ಲು ಸಿಗುತ್ತೆ. ಸೆಲ್ಲು ಸಿಕ್ರೆ ತುತ್ತೂರಿ ಓಡುತ್ತೆ!"

"ಚೀಲದ್ದು ಕೊಡೋ ಹಾಗಿಲ್ಲ ಮಗಾ, ಅದು ಬೇರೆಯವರ ರಾಗಿ. ಬೀಸುವಾಗ ಚೆಲ್ಲಿದ್ದೆಲ್ಲಾ ನಿಂದೇ. ಆದ್ರೆ ಬೀಸೋದು ಹೇಗೆ? ನೋಡು, ಬೆಲ್ಟು ಹರಿದಿದೆ. ಹೊಲಿಸ್ಕೊಂಡು ಬಾ."

ಚಂಪಿ ಬೆಲ್ಟನ್ನ ಹೆಗಲಿಗೆ ಹಾಕ್ಕೊಂಡು ಓಡಿದಳು. ಆಲದ ಮರದ ಕೆಳಗೆ ಚಪ್ಪಲಿ ಹೊಲಿಯೋ ಹನುಮಣ್ಣ.

"ಹನುಮಣ್ಣಾ ಹನುಮಣ್ಣಾ, ಬೆಲ್ಟು ಹೊಲೀರಿ. ಬೆಲ್ಟು ಹೊಲಿದ್ರೆ ಸಾವಿತ್ರಕ್ಕ ರಾಗಿ ಕೊಡ್ತಾರೆ. ರಾಗಿ ಕೊಟ್ರೆ ಕೋಳಿ ಏಳುತ್ತೆ. ಕೋಳಿ ಎದ್ರೆ ಸೆಲ್ಲು ಸಿಗುತ್ತೆ. ಸೆಲ್ಲು ಸಿಕ್ರೆ ತುತ್ತೂರಿ ಓಡುತ್ತೆ!"

ಹನುಮಣ್ಣ ಆಆಆ ಅಂತ ಆಕಳಿಸಿದ. "ಬೆಳಗಿಂದ ಟೀ ಕುಡಿದಿಲ್ಲ ಪುಟ್ಟಿ. ಸೂಜಿ ಎರಡೆರಡು ಕಾಣ್ತಿದೆ. ಒಂದು ಲೋಟ ಟೀ ತಾ, ಹೊಲೀತೀನಿ."

ಚಂಪಿ ಟೀ ಅಂಗಡಿಗೆ ಓಡಿದಳು. ಅಂಗಡಿಯಲ್ಲಿ ಬಶೀರಣ್ಣ.

"ಬಶೀರಣ್ಣಾ ಬಶೀರಣ್ಣಾ, ಟೀ ಕೊಡಿ. ಟೀ ಕೊಟ್ರೆ ಹನುಮಣ್ಣ ಬೆಲ್ಟು ಹೊಲೀತಾರೆ. ಬೆಲ್ಟು ಹೊಲಿದ್ರೆ ಸಾವಿತ್ರಕ್ಕ ರಾಗಿ ಕೊಡ್ತಾರೆ. ರಾಗಿ ಕೊಟ್ರೆ ಕೋಳಿ ಏಳುತ್ತೆ. ಕೋಳಿ ಎದ್ರೆ ಸೆಲ್ಲು ಸಿಗುತ್ತೆ. ಸೆಲ್ಲು ಸಿಕ್ರೆ ತುತ್ತೂರಿ ಓಡುತ್ತೆ!"

"ಹಾಲೇ ಇಲ್ವಲ್ಲಮ್ಮಾ! ನಮ್ಮೆಮ್ಮೆ ಮುನಿಸ್ಕೊಂಡಿದೆ. ನಾನು ಹತ್ರ ಹೋದ್ರೆ ಒದೆಯುತ್ತೆ. ನೀನೇ ಕೇಳಿ ನೋಡು."

ಚಂಪಿ ಅಂಗಡಿ ಹಿಂದಕ್ಕೆ ಓಡಿದಳು. ಅಲ್ಲಿ ಎಮ್ಮೆ. ಇಷ್ಟು ದೊಡ್ಡ ಎಮ್ಮೆ!

"ಎಮ್ಮೆ ಎಮ್ಮೆ, ಹಾಲು ಕೊಡು. ಹಾಲು ಕೊಟ್ರೆ ಬಶೀರಣ್ಣ ಟೀ ಕೊಡ್ತಾರೆ. ಟೀ ಕೊಟ್ರೆ ಹನುಮಣ್ಣ ಬೆಲ್ಟು ಹೊಲೀತಾರೆ. ಬೆಲ್ಟು ಹೊಲಿದ್ರೆ ಸಾವಿತ್ರಕ್ಕ ರಾಗಿ ಕೊಡ್ತಾರೆ. ರಾಗಿ ಕೊಟ್ರೆ ಕೋಳಿ ಏಳುತ್ತೆ. ಕೋಳಿ ಎದ್ರೆ ಸೆಲ್ಲು ಸಿಗುತ್ತೆ. ಸೆಲ್ಲು ಸಿಕ್ರೆ ತುತ್ತೂರಿ ಓಡುತ್ತೆ!"

"ತುತ್ತೂರಿ ಓಡುತ್ತೆ, ತುತ್ತೂರಿ ಓಡುತ್ತೆ! ನಾನು ಓಡೋದು ಬೇಡ್ವಾ?" ಅಂತು ಎಮ್ಮೆ. "ಇದೇ ಗೂಟ, ಇದೇ ಹಗ್ಗ. ನನ್ನನ್ನೂ ಓಡಿಸು. ಕೆರೆ ತೋರಿಸು. ಹಾಲು ಕೊಡ್ತೀನಿ."

ಚಂಪಿ ತಲೆಯೆತ್ತಿ ನೋಡಿದಳು. ಗೇಮಿನ ಕಾರು ಅಂಗೈಯಷ್ಟು. ಈ ಎಮ್ಮೆ ಗುಡ್ಡದಷ್ಟು!

"ಬಶೀರಣ್ಣಾ, ಹೋಗ್ಲಾ?"

"ಹೋಗ್ಬಾ. ನಾನೂ ಹಿಂದೇನೇ ಬರ್ತೀನಿ."

ಬಶೀರಣ್ಣ ಹಗ್ಗ ಬಿಚ್ಚಿದ. ಓಡೋ ಖುಷಿಗೆ ಎಮ್ಮೆ ಒದೆಯಲೇ ಇಲ್ಲ. ಚಂಪಿಯನ್ನ ಎತ್ತಿ ಮೇಲೆ ಕೂರಿಸಿದ. ಅವಳು ಎರಡು ಕೈಯಲ್ಲಿ ಎರಡು ಕೊಂಬು ಹಿಡಿದಳು.

ಡುರ್ರ್ರ್! ಎಮ್ಮೆ ಓಡಿತು!

ಚಂಪಿ ಎಡಗೊಂಬು ಒತ್ತಿದಳು, ಎಮ್ಮೆ ಎಡಕ್ಕೆ. ಬಲಗೊಂಬು ಒತ್ತಿದಳು, ಎಮ್ಮೆ ಬಲಕ್ಕೆ. ಬೇಲಿ ಹೋಯ್ತು, ಬಾವಿ ಹೋಯ್ತು, ಬಶೀರಣ್ಣ ಎಲ್ಲೋ ಹಿಂದೆ ಉಳಿದ. ಬಂತು ಕೆರೆಯ ತಿರುವು! ಚಂಪಿ ಗಟ್ಟಿಯಾಗಿ ಒತ್ತಿದಳು.

"ಮೆಲ್ಲಗೆ ಒತ್ತೇ!" ಅಂತು ಎಮ್ಮೆ. "ತಿರುವಿನಲ್ಲಿ ಮೆಲ್ಲಗೆ!"

ಮೆಲ್ಲಗೆ ಒತ್ತಿದಳು. ಎಮ್ಮೆ ಸೊಯ್ಯನೆ ತಿರುಗಿತು.

"ಬ್ರೇಕು ಎಲ್ಲಿ? ಎಮ್ಮೆ, ನಿನ್ನ ಬ್ರೇಕು ಎಲ್ಲಿ?"

ಎಮ್ಮೆಗೆ ಎಲ್ಲಿಯ ಬ್ರೇಕು! ಕೆರೆ ಅಂಚಿಗೆ ಧುಡುಂ! ಮೊಣಕಾಲು ನೀರು, ತಲೆತುಂಬ ಕೆಸರು. ಚಂಪಿ ಕಿಲಕಿಲ ನಕ್ಕಳು. ಎಮ್ಮೆ ಬಾಲ ಬೀಸಿತು. ಏದುಸಿರು ಬಿಡ್ತಾ ಬಂದ ಬಶೀರಣ್ಣನೂ ನಕ್ಕ.

ಅಷ್ಟರಲ್ಲಿ ದೂರದಲ್ಲಿ ಪೋಂ ಪೋಂ! ಬಸ್ಸು!

ವಾಪಸ್ಸು ಓಡು, ಓಡು, ಓಡು!

ಎಮ್ಮೆ ಹಾಲು ಕೊಡ್ತು. ಹಾಲು ಸಿಕ್ತು, ಬಶೀರಣ್ಣ ಟೀ ಕೊಟ್ಟ. ಟೀ ಕುಡಿದ, ಹನುಮಣ್ಣ ಬೆಲ್ಟು ಹೊಲಿದ. ಬೆಲ್ಟು ಬಂತು, ಸಾವಿತ್ರಕ್ಕನ ಗಿರಣಿ ಗಡಗಡ ತಿರುಗಿತು. ರಾಗಿ ಚೆಲ್ಲಿತು, ಚಂಪಿ ಬಾಚಿದಳು. ರಾಗಿ ಕಂಡಿತು, ಕೋಳಿ ಎದ್ದಿತು.

ಎದ್ದ ಕೋಳಿ ಬಗ್ಗಿ ನೋಡಿತು. "ಅಯ್ಯೋ! ಇದಕ್ಕೆ ಕೊಕ್ಕೂ ಇಲ್ಲ, ಪುಕ್ಕವೂ ಇಲ್ಲ!"

ಸೆಲ್ಲು ಸಿಕ್ತು! ಬೆಚ್ಚಗಿನ ಸೆಲ್ಲು!

ಬಸ್ಸು ಬಂದು ನಿಂತಿತ್ತು. ಡ್ರೈವರಣ್ಣ "ಟೀ ಘಮಘಮ ಅಂತಿದೆ" ಅಂತ ಇಳಿದು, ಬಶೀರಣ್ಣನ ಅಂಗಡಿಯಲ್ಲಿ ಕೂತಿದ್ದ. ರೇವತಕ್ಕ ಚೀಲ ಹಿಡಿದು ನಿಂತಿದ್ದಳು. "ಬೇಗ ಚಂಪಿ, ಬೇಗ!"

ಸೆಲ್ಲು ಒಳಗೆ. ಮುಚ್ಚಳ ಟಕ್. ಡುರ್ರ್ರ್!

ತುತ್ತೂರಿ ಓಡಿತು! ಮುಂದೆ ಕರಿ ಲಾರಿ. ಬಂತು ತಿರುವು. ಚಂಪಿ ಉಸಿರು ಹಿಡಿದಳು. ಮೆಲ್ಲಗೆ ಒತ್ತಿದಳು, ಮೆಲ್ಲಗೆ. ತುತ್ತೂರಿ ಸೊಯ್ಯನೆ ತಿರುಗಿತು. ಲಾರಿ ಹಿಂದೆ, ತುತ್ತೂರಿ ಮುಂದೆ!

ತುತ್ತುತ್ತುತ್ತೂರೂ! ಗೆದ್ದಿತು!

ರೇವತಕ್ಕ ಬಾಯಿ ಬಿಟ್ಟಳು. "ಆ ತಿರುವು ನಾನೇ ಇದುವರೆಗೂ ದಾಟಿಲ್ಲ ಕಣೆ! ನಿಂಗೆ ಯಾರು ಹೇಳ್ಕೊಟ್ರು?"

ಕೆಸರು ಮೆತ್ತಿದ ಮುಖ ಅರಳಿಸಿ ಚಂಪಿ ಅಂದಳು, "ಎಮ್ಮೆ!"

ಬಸ್ಸು ಹೋಯ್ತು ಊರಿಗೆ, ಕೋಳಿ ಹೋಯ್ತು ಗೂಡಿಗೆ, ನೀವಿನ್ನು ನಡೀರಿ ಊಟಕ್ಕೆ!