ಮೂರು ನಿಜಗಳ ದಾರಿ

ನದಿಯ ದಡದಲ್ಲಿ ನೀಲಗಂಗಮ್ಮನವರ ಆಶ್ರಮವಿತ್ತು. ಗಂಡನ ಹೊಡೆತಕ್ಕೆ ಹೆದರಿ ಓಡಿಬಂದ ಹೆಂಗಸರು ಅಲ್ಲಿ ಮಕ್ಕಳೊಂದಿಗೆ ಇರುತ್ತಿದ್ದರು.

ನದಿಯುದ್ದಕ್ಕೂ ಬೇರೆ ಬೇರೆ ಊರುಗಳಲ್ಲಿ ಆಶ್ರಮದ ಶಾಲೆಗಳೂ ಮನೆಗಳೂ ಇದ್ದವು. ಯಾರು ಯಾವ ಊರಿನಲ್ಲಿದ್ದಾರೆ ಎಂಬುದನ್ನು ಹೊರಗಿನವರಿಗೆ ಹೇಳುತ್ತಿರಲಿಲ್ಲ.

ಎಲ್ಲರ ವಿವರವೂ ಒಂದು ಸಾಫ್ಟ್‌ವೇರ್‌ನಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಮಲ್ಲಿನಾಥ.

ಆ ಸಾಫ್ಟ್‌ವೇರ್ ಕೇಳುತ್ತಿದ್ದುದು ಒಂದೇ: ನೀನು ಯಾರು? ಸೇವಕ ಎಂದರೆ ಎಲ್ಲವೂ ಕಾಣುತ್ತಿತ್ತು. ಪೋಷಕ ಎಂದರೆ ಮಗುವಿನ ಅಂಕ ಮಾತ್ರ.

ಅಡುಗೆಮನೆಗೆ ಹೊಸದಾಗಿ ಬಂದ ಸೇವಕನೊಬ್ಬ ಸಂತೆಯಲ್ಲಿ ಯಾರೊಂದಿಗೋ ಹರಟುತ್ತ ಒಬ್ಬಳ ಹೆಸರನ್ನೂ ಊರನ್ನೂ ಹೇಳಿಬಿಟ್ಟ. ಅಂದೇ ಆಕೆಯನ್ನು ಬೇರೆ ಕಡೆ ಸಾಗಿಸಬೇಕಾಯಿತು.

"ಸಾರು ಕುದಿಸುವವನಿಗೆ ಅವಳ ಊರು ಯಾಕೆ ಕಾಣಬೇಕು?" ಎಂದರು ನೀಲಗಂಗಮ್ಮ. "ಯಾರನ್ನಾದರೂ ನೋಡಲು ನಮ್ಮ ಬಾಗಿಲಿಗೆ ಬಂದವರನ್ನು ನಾವು ಏನು ಕೇಳುತ್ತೇವೆ?"

"ಅವರು ನಿಮಗೆ ಏನಾಗಬೇಕು ಅಂತ."

"ನಿನ್ನ ಯಂತ್ರವೂ ಅದನ್ನೇ ಕೇಳಲಿ."

ಮಲ್ಲಿನಾಥ ಹೊಸ ವ್ಯವಸ್ಥೆ ಕಟ್ಟಿದ. ಅದರಲ್ಲಿ ಪದವಿಗೆ ಬೆಲೆಯಿಲ್ಲ, ಸಂಬಂಧಕ್ಕೆ ಮಾತ್ರ. ಈಕೆ ಈ ಮಗುವಿನ ತಾಯಿ. ಈ ಮಗು ಈ ಶಿಕ್ಷಕಿಯ ತರಗತಿಯಲ್ಲಿದೆ. ಈ ಡಾಕ್ಟರು ಈಕೆಗೆ ಔಷಧಿ ಕೊಡುತ್ತಾರೆ. ಸಂಬಂಧದ ಒಂದೊಂದು ಎಳೆಯನ್ನೂ ಹಳೆಯದರಿಂದ ಬಿಡಿಸಿ ಹೊಸದರಲ್ಲಿ ಕಟ್ಟಿದ. ಎಳೆ ಇದ್ದಲ್ಲಿ ಬಾಗಿಲು ತೆರೆಯುತ್ತಿತ್ತು, ಇಲ್ಲದಲ್ಲಿ ಮುಚ್ಚಿರುತ್ತಿತ್ತು. ಮಗುವಿಗೆ ಸೇರಿದ್ದೆಲ್ಲ ಅದರ ತಂದೆತಾಯಿಗೆ ಕಾಣಲಿ ಎಂದೂ ಬರೆದ.

ಒಂದು ಮಧ್ಯಾಹ್ನ ಅವನು ಲ್ಯಾಪ್‌ಟಾಪ್ ಹಿಡಿದು ನದಿಗೆ ಬಂದ. ನೀಲಗಂಗಮ್ಮ ಸೀರೆ ಒಗೆಯುತ್ತಿದ್ದರು.

"ಅಮ್ಮಾ, ಬೆಳಿಗ್ಗೆಯೇ ಎಲ್ಲರನ್ನೂ ಹೊಸದಕ್ಕೆ ದಾಟಿಸಿಬಿಟ್ಟೆ."

"ನನ್ನನ್ನು ಕೇಳಲಿಲ್ಲ."

"ಕೇಳಿದ್ದರೆ ಮುಹೂರ್ತ ನೋಡು ಅನ್ನುತ್ತಿದ್ದಿರಿ."

"ಮುಹೂರ್ತ ನೋಡುವವಳು ನಿಮ್ಮಜ್ಜಿ, ನಾನಲ್ಲ. ಹೆದರಿಕೆ ಆಗಲಿಲ್ಲವೇನೋ?"

"ಯಾಕಮ್ಮಾ ಹೆದರಲಿ? ಎಲ್ಲ ಪರೀಕ್ಷೆ ಮಾಡಿದ್ದೇನೆ. ತಾಯಿಯಾಗಿ ಒಳಗೆ ಹೋಗಿ ನೋಡಿದೆ, ಟೀಚರಾಗಿ ನೋಡಿದೆ, ಡಾಕ್ಟರಾಗಿ ನೋಡಿದೆ. ಕಾಣಬೇಕಾದದ್ದೆಲ್ಲ ಕಂಡಿತು."

ನೀಲಗಂಗಮ್ಮ ಸೀರೆಯನ್ನು ಹಿಂಡಿ ಬದಿಗಿಟ್ಟರು. ಅವನ ಪಕ್ಕದಲ್ಲಿ ಕುಳಿತರು.

"ಈಗ ನಾನು ರುದ್ರೇಶ."

ಮಲ್ಲಿನಾಥನ ನಗು ನಿಂತಿತು.

ರುದ್ರೇಶ ಪಂಕಜಾಳ ಗಂಡ. ಅವಳ ಕೈ ಮುರಿದಿದ್ದ. ಮುಂದಿನ ಸಲ ಕೊಡಲಿ ಎತ್ತಿದ್ದ. ಅವಳು ಮಗ ನಿಶಾಂತನನ್ನು ಎತ್ತಿಕೊಂಡು ಓಡಿಬಂದು, ಈ ದಡದ ಕೊನೆಯ ಮನೆಯಲ್ಲಿದ್ದಳು. ಯಾರಾದರೂ ಅಗುಳಿ ಮುಟ್ಟಿದರೆ ಸಾಕು, ಮಗುವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಮಗನ ಅಂಕ ನೋಡಲು ಕೋರ್ಟು ರುದ್ರೇಶನಿಗೆ ಒಪ್ಪಿಗೆ ಕೊಟ್ಟಿತ್ತು. ಮಗ ಎಲ್ಲಿದ್ದಾನೆಂದು ತಿಳಿಯಲು ಕೊಟ್ಟಿರಲಿಲ್ಲ.

"ರುದ್ರೇಶನಿಗೆ ಏನೇನು ಕಾಣುತ್ತದೆ, ತೋರಿಸು."

"ಪಂಕಜಕ್ಕ ಕಾಣುವುದಿಲ್ಲ ಅಮ್ಮಾ. ಅವರಿಬ್ಬರ ನಡುವಿನ ಎಳೆಯನ್ನು ನಾನೇ ಕತ್ತರಿಸಿದ್ದೇನೆ. ನೋಡಿ."

ಕಾಣಲಿಲ್ಲ.

"ಹೋಗಲಿ," ಎಂದರು ನೀಲಗಂಗಮ್ಮ. "ನನಗೊಬ್ಬ ಮಗ ಇದ್ದಾನಲ್ಲ. ಅವನು ಪಾಸಾದನಾ?"

ಮಲ್ಲಿನಾಥ ನಿಶಾಂತನ ಹೆಸರನ್ನು ಒತ್ತಿದ. ಅಂಕ ಬಂತು. ಹಾಜರಿ ಬಂತು. ಅದರ ಕೆಳಗೆ ವಾಸದ ಜಾಗ ಬಂತು: ಊರಿನ ಹೆಸರು, ನದಿಯ ದಡ, ಕೊನೆಯ ಮನೆ.

ನೀಲಗಂಗಮ್ಮ ಪರದೆಯ ಹತ್ತಿರ ಬಾಗಿದರು.

"ಬೆಳಿಗ್ಗೆಯಿಂದ ರುದ್ರೇಶ ಇದನ್ನು ನೋಡಿದ್ದಾನಾ?"

ಮಲ್ಲಿನಾಥ ಹುಡುಕಿದ. ಹೌದೆಂದು ತಲೆಯಾಡಿಸಿದ.

ನೀಲಗಂಗಮ್ಮ ಆಗಲೇ ಎದ್ದಿದ್ದರು. "ಮೊದಲು ಹಳೆಯದಕ್ಕೆ ತಿರುಗಿಸು. ಅಳುವುದು ಆಮೇಲೆ."

ಕೊನೆಯ ಮನೆಯಲ್ಲಿ ಪಂಕಜಾ ಅಕ್ಕಿ ಆರಿಸುತ್ತಿದ್ದಳು. ಗಂಡನ ಹೆಸರು ಕೇಳಿ ಅವಳು ಕೂಗಲಿಲ್ಲ. ಮಗನ ಬಾಯಿಯ ಮೇಲೆ ಕೈ ಇಟ್ಟಳು. ಮಗು ಏನೂ ಮಾತಾಡಿರಲಿಲ್ಲ.

ಹರಿಗೋಲಿನಲ್ಲಿ ಅವರನ್ನು ಆಚೆ ದಡಕ್ಕೆ ಕರೆದೊಯ್ದದ್ದು ಮಲ್ಲಿನಾಥ.

"ಅವನಿಗೆ ಯಾರಣ್ಣ ಹೇಳಿದ್ದು?" ನಡು ನೀರಿನಲ್ಲಿ ಪಂಕಜಾ ಕೇಳಿದಳು.

"ನಾನು."

ಅವಳು ಮಗನನ್ನು ತನ್ನ ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಳು. ದಡ ಬರುವವರೆಗೂ ಮಲ್ಲಿನಾಥನ ಕಡೆ ನೋಡಲಿಲ್ಲ.

ಸಂಜೆಗೆ ರುದ್ರೇಶ ಬಂದ. ಬಾಗಿಲಲ್ಲಿ ಯಾರನ್ನೂ ವಿಚಾರಿಸಲಿಲ್ಲ. ನೆಟ್ಟಗೆ ಕೊನೆಯ ಮನೆಗೆ ನಡೆದು ಕದ ಒದ್ದ. ಒಳಗೆ ಮೊರದಲ್ಲಿ ಅರ್ಧ ಆರಿಸಿದ ಅಕ್ಕಿ ಮಾತ್ರ ಇತ್ತು.

ಜಗಲಿಯ ಮೇಲೆ ನೀಲಗಂಗಮ್ಮ ಕುಳಿತಿದ್ದರು.

"ನನ್ನ ಹೆಂಡತಿ ಎಲ್ಲಿ? ನಿಮ್ಮ ಆಶ್ರಮವೇ ಫೋನಿನಲ್ಲಿ ಮನೆ ತೋರಿಸಿದೆ. ಸುಳ್ಳು ಹೇಳಬೇಡ ಮುದುಕಿ."

"ಸುಳ್ಳು ಯಾಕೆ ಹೇಳಲಿ? ಎಲ್ಲಿದ್ದಾಳೆಂದು ನನಗೆ ಗೊತ್ತು. ನಿನಗೆ ಹೇಳುವುದಿಲ್ಲ."

ಅವನು ಇನ್ನೂ ಹತ್ತಿರ ಬಂದ. ಅವರು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ಪೊಲೀಸರು ಬಂದು ಅವನನ್ನು ಕರೆದೊಯ್ಯುವವರೆಗೂ ಜಗಲಿಯಿಂದ ಏಳಲಿಲ್ಲ. ಆಚೆ ದಡದಿಂದ ಮರಳಿದ್ದ ಮಲ್ಲಿನಾಥ ಪಕ್ಕಕ್ಕೆ ಬಂದ.

"ಅಮ್ಮಾ," ಎಂದ, "ನಾನು ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವನು ಆ ಮಗುವಿನ ತಂದೆ, ನಿಜ. ಮಗು ಕೊನೆಯ ಮನೆಯಲ್ಲಿದೆ, ನಿಜ. ಆ ಮನೆಯಲ್ಲಿ ತಾಯಿಯೂ ಇದ್ದಾಳೆ, ಅದೂ ನಿಜ."

"ಮೂರು ನಿಜಗಳೂ ಸೇರಿ ಅವನ ಕೈ ಹಿಡಿದು ಇಲ್ಲಿವರೆಗೆ ಕರೆತಂದವು."

"ಯಾವ ನಿಜವನ್ನು ಅಳಿಸಲಿ?"

"ನನ್ನನ್ನು ಕೇಳಬೇಡ. ಆಚೆ ದಡಕ್ಕೆ ಹೋಗಿ ಕೇಳು."

ಮಲ್ಲಿನಾಥ ಹೋದ. ಪಂಕಜಾ ಕದ ತೆರೆಯಲಿಲ್ಲ. ಮಾರನೆಯ ದಿನ ಮತ್ತೆ ಹೋದ. ಹೊಸಿಲಾಚೆ ಕುಳಿತು, ತಾನು ಮಾಡಿದ್ದನ್ನೆಲ್ಲ ಮುಚ್ಚಿದ ಕದಕ್ಕೇ ಹೇಳಿದ.

ಕದದ ಹಿಂದಿನಿಂದ ಮಾತು ಬಂತು. "ನಿಶಾಂತನ ಜೊತೆ ಓದುವ ಮಕ್ಕಳ ಹೆಸರು ಅವನಿಗೆ ಕಾಣುತ್ತದಾ?"

"ಹೊಸದರಲ್ಲಿ ಕಾಣುತ್ತದೆ ಅಕ್ಕಾ. ಒಂದೇ ತರಗತಿ ಅಲ್ಲವೇ?"

"ಅವರಲ್ಲಿ ಊರಿನ ಮಕ್ಕಳೂ ಇದ್ದಾರೆ. ನಂಬರು ಹುಡುಕಿ ಅವರ ಅಪ್ಪಂದಿರಿಗೆ ಫೋನ್ ಮಾಡುತ್ತಾನೆ. 'ನಿಮ್ಮ ಮಗ ಯಾವ ಊರಿನಲ್ಲಿ ಓದುತ್ತಾನೆ ಸಾರ್' ಅನ್ನುತ್ತಾನೆ. ತುಂಬ ಮರ್ಯಾದೆಯಿಂದ ಮಾತಾಡುತ್ತಾನೆ ಅವನು."

ಮಲ್ಲಿನಾಥ ಅದನ್ನು ಬರೆದುಕೊಂಡ.

"ಶಾಲೆಯ ಫೋಟೋ? ಹಿಂದೆ ಸೇತುವೆ ಕಂಡರೆ ಸಾಕು ಅವನಿಗೆ. ಜ್ವರ ಬಂದರೆ ಯಾವ ಡಾಕ್ಟರು ಅಂತ ಬರುತ್ತದಾ?"

ಒಂದೊಂದು ಪ್ರಶ್ನೆಗೂ ಒಂದೊಂದು ದಾರಿ ತೆರೆದುಕೊಂಡಿತು. ಮಲ್ಲಿನಾಥ ಒಂದೊಂದಾಗಿ ಮುಚ್ಚುತ್ತ ಬಂದ. ತಂದೆ ಎಂಬ ನಿಜ ಉಳಿಯಿತು. ಆ ಎಳೆ ಅಂಕದವರೆಗೆ ಹೋಗಿ ಅಲ್ಲಿಗೇ ನಿಂತಿತು. ಆಮೇಲೆ ಅವನು ಉಳಿದ ಹೆಂಗಸರ ಮನೆಗಳಿಗೂ ಹೋಗಿ ಹೊಸಿಲಾಚೆ ಕುಳಿತ.

ಎಲ್ಲರನ್ನೂ ಮತ್ತೆ ಹೊಸ ವ್ಯವಸ್ಥೆಗೆ ದಾಟಿಸುವ ದಿನ ಬಂತು. ನೀಲಗಂಗಮ್ಮ ಅವನ ಪಕ್ಕದಲ್ಲಿ ಕುಳಿತರು.

"ಎಲ್ಲ ದಾರಿಯೂ ಮುಚ್ಚಿತಾ?"

"ಅವರಿಗೆ ಹೊಳೆದದ್ದೆಲ್ಲ ಮುಚ್ಚಿದೆ ಅಮ್ಮಾ. ಯಾರಿಗೂ ಹೊಳೆಯದ್ದು ಇನ್ನೊಂದಿದ್ದರೆ?"



ಮಲ್ಲಿನಾಥ ಬೆರಳನ್ನು ಲ್ಯಾಪ್‌ಟಾಪಿನತ್ತ ಚಾಚಿ ಮತ್ತೆ ಹಿಂದಕ್ಕೆ ಎಳೆದುಕೊಂಡ.

"ನನ್ನಿಂದ ಆಗುತ್ತಿಲ್ಲ. ಕೈ ನಡುಗುತ್ತಿದೆ. ಬೇರೆ ಯಾರಾದರೂ ಒತ್ತಲಿ."

ನೀಲಗಂಗಮ್ಮ ಆ ಕೈಯನ್ನು ನೋಡಿದರು.

"ನಡುಗದ ಕೈ ಹೋದ ಸಲ ಒತ್ತಿತು. ಈ ಸಲ ಇದೇ ಒತ್ತಲಿ."